ಮೇಜಿನಷ್ಟು ದೂರದ ರೇಡಿಯೋ ಸ್ಟೇಷನ್

ನನ್ನ ಕೆಲಸದ ಬಗ್ಗೆ ಕಾಪುವಿನ ನಮ್ಮ ಮನೆಯಲ್ಲಿ ವಿವರಿಸಿ ಹೇಳುವುದನ್ನು ನಾನು ಬಿಟ್ಟು ಬಹಳ ಕಾಲವಾಯಿತು. ಮಣಿಪಾಲದ ಹತ್ತಿರದ ಒಂದು ಎಂಜಿನಿಯರಿಂಗ್ ಕಾಲೇಜಿನ ಲ್ಯಾಬಿನಲ್ಲಿ ಫಂಕ್ಷನ್ ಜನರೇಟರ್ ಬಳಸುವುದನ್ನು ಕಲಿಸುತ್ತೇನೆ ಎಂದು ಮದುವೆಯ ಹೊಸತರಲ್ಲಿ ಹೇಳಿದ್ದಕ್ಕೆ ನನ್ನ ಅತ್ತೆ, "ಮದುವೆ ಹಾಲ್‌ಗೆ ಬಾಡಿಗೆಗೆ ತರ್ತಾರಲ್ಲ, ಅದುವಾ?" ಎಂದಿದ್ದರು. ಅಲ್ಲ, ಬೇಕಾದ ಆಕಾರದ ವಿದ್ಯುತ್ ಅಲೆಗಳನ್ನು ಹುಟ್ಟಿಸುವ ಸಣ್ಣ ಪೆಟ್ಟಿಗೆ ಎಂದೆ. "ಕರೆಂಟ್ ಹೋದರೆ ಲೈಟ್ ಉರಿತದಾ?" "ಇಲ್ಲ ಅತ್ತೆ, ಕರೆಂಟ್ ಹೋದರೆ ಅದೂ ನಿಲ್ತದೆ." ಅತ್ತೆ ಲೊಚಗುಟ್ಟಿದರು. ಅಂಥ ಜನರೇಟರ್ ಕೊಂಡ ಕಾಲೇಜಿನ ಬಗ್ಗೆ ಅವರಿಗೆ ಮರುಕವಾಗಿರಬೇಕು.

ಈ ವರ್ಷ ಆ ಪೆಟ್ಟಿಗೆಯಲ್ಲಿ ಮಾಡಿಸುವ ಎಎಂ ಪ್ರಯೋಗಕ್ಕೇ ಕುತ್ತು ಬಂತು. ಎಎಂ ಎಂದರೆ ಹಳೆಯ ರೇಡಿಯೋಗಳ ವಿದ್ಯೆ. ವೇಗವಾಗಿ ಕುಣಿಯುವ ಒಂದು ಅಲೆಯ ಎತ್ತರವನ್ನು ನಮ್ಮ ಮಾತಿನ ಏರಿಳಿತಕ್ಕೆ ತಕ್ಕಂತೆ ಹಿಗ್ಗಿಸಿ ಕುಗ್ಗಿಸುವುದು. ವಿದ್ಯಾರ್ಥಿಗಳು ಅಲೆ ತೋರಿಸುವ ಯಂತ್ರದ ಪರದೆಯ ಮೇಲಿನ ಚಿತ್ರವನ್ನು ಮೊಬೈಲಿನಲ್ಲಿ ಹಿಡಿದು, ಆಕಳಿಸಿ ಹೋಗುತ್ತಿದ್ದರು. "ಇನ್ನು ಇದನ್ನು ಕಂಪ್ಯೂಟರಿನಲ್ಲೇ ಮಾಡಿಸುವ, ಆಗದಾ ಮೇಡಂ?" ಎಂದರು ವಿಭಾಗದ ಮುಖ್ಯಸ್ಥರು. ನನಗೆ ಎಲ್ಲಿಲ್ಲದ ರೋಷ ಬಂದು, "ಬರುವ ವಾರ ಇದರಿಂದಲೇ ರೇಡಿಯೋ ಮಾತಾಡಿಸುತ್ತೇನೆ, ಬಂದು ಕೇಳಿ ಸಾರ್" ಎಂದುಬಿಟ್ಟೆ. ಆಮೇಲೆ ಹುಡುಕಿದರೆ ಇಡೀ ಕಾಲೇಜಿನಲ್ಲಿ ಹಳೆಯ ರೇಡಿಯೋ ಒಂದೂ ಇಲ್ಲ.

ಇದ್ದದ್ದು ಮಾವನ ಹತ್ತಿರ. ಮೀನಿನ ಬೋಟಿನಲ್ಲಿ ಆಯುಷ್ಯ ಕಳೆದ ಮಾವ ಸಮುದ್ರದ ಹವಾಮಾನ ಕೇಳುತ್ತಿದ್ದ ರೇಡಿಯೋ ಅದು. ನೇರವಾಗಿ ಕೇಳುವ ಧೈರ್ಯ ಸಾಲದೆ ಅತ್ತೆಯಿಂದ ಕೇಳಿಸಿದೆ. "ರೇಡಿಯೋ ಹೋಗುವುದಾದರೆ ನಾನೂ ಹೋಗ್ತೇನೆ" ಎಂದು ಉತ್ತರ ಬಂತು. ಹಾಗೆ ನಾನು, ಮಾವ, ರೇಡಿಯೋ ಮೂವರೂ ಬಸ್ಸು ಹತ್ತಿದೆವು. ಸಿಕ್ಕಿದ ಒಂದು ಸೀಟಿನಲ್ಲಿ ಮಾವ, ಅವರ ಮಡಿಲಲ್ಲಿ ರೇಡಿಯೋ. ಕಡಿಯಾಳಿ ದಾಟುವವರೆಗೂ ನಾನು ಕಂಬ ಹಿಡಿದು ನಿಂತಿದ್ದೆ.

ಲ್ಯಾಬಿನಲ್ಲಿ ಪೆಟ್ಟಿಗೆಗೆ ಒಂದು ಕಡೆ ಆಂಪ್ಲಿಫಯರ್ ಮತ್ತು ಮೈಕು, ಇನ್ನೊಂದು ಕಡೆ ಗಿಡ್ಡ ವಯರು ಸಿಕ್ಕಿಸಿದೆ. ಎದುರಿನ ಮೇಜಿನ ಮೇಲಿದ್ದ ರೇಡಿಯೋದ ಮುಳ್ಳು ತಿರುಗಿಸುತ್ತ ಹೋದಾಗ ಒಂದು ಕಡೆ ಅದರ ಗೊರಗೊರ ನಿಂತಿತು. ಸಿಕ್ಕಿತು ಎಂದುಕೊಂಡು ಮಾವನಿಗೆ ಮಾತಾಡಲು ಕೈಸನ್ನೆ ಮಾಡಿದೆ. ಅವರು ಉಸಿರೆಳೆದುಕೊಂಡು, ಪಕ್ಕದ ಬೋಟಿಗೆ ಕೂಗುವ ಸ್ವರದಲ್ಲಿ, "ಓಯ್, ಬಲೆ ಎಳೀರಿ!" ಎಂದರು. ರೇಡಿಯೋದಿಂದ ಬಟ್ಟೆ ಹರಿದಂತೆ ಪರಪರ ಸದ್ದು ಬಂತು. ಮಾತು ಹೊರಬೇಕಾದ ಅಲೆಗಿಂತ ಮಾತೇ ದೊಡ್ಡದಾದರೆ ಆಗುವುದು ಹೀಗೆ. ಪರದೆಯ ಮೇಲಿನ ಅಲೆ ಅಲ್ಲಲ್ಲಿ ತುಂಡಾಗಿತ್ತು. ಮುಖ್ಯಸ್ಥರು ಕೈಗಡಿಯಾರ ನೋಡಿದರು. "ಮೆಲ್ಲ ಮಾವ, ಮೆಲ್ಲ!" ಎಂದು ಕ್ಲಾಸಿನ ಸ್ವರದಲ್ಲೇ ಕೂಗಿಬಿಟ್ಟೆ.

ಮಾವ ನನ್ನನ್ನು ವಿಚಿತ್ರವಾಗಿ ನೋಡಿದರು. "ಮೆಲ್ಲ ಹೇಳಿದರೆ ಯಾರಿಗೆ ಕೇಳ್ತದೆ ಮಾರಾಯ್ತಿ?"

ಅವರನ್ನು ತಗ್ಗಿಸುವುದಕ್ಕಿಂತ ಸುಲಭವೆಂದು ಆಂಪ್ಲಿಫಯರಿನ ಗುಂಡಿಯನ್ನೇ ತಗ್ಗಿಸಿದೆ. ಈ ಸಲ "ಬಲೆ ಎಳೀರಿ" ಎಂಬುದು ರೇಡಿಯೋದೊಳಗಿಂದ ಸ್ಪಷ್ಟವಾಗಿ, ಮಾವನದೇ ಸ್ವರದಲ್ಲಿ ಬಂತು. ಲ್ಯಾಬಿಗೆ ಲ್ಯಾಬೇ ಚಪ್ಪಾಳೆ ತಟ್ಟಿತು. ವಿದ್ಯಾರ್ಥಿಗಳು ಮೈಕಿಗೆ ಮುಗಿಬಿದ್ದರು. ಮುಖ್ಯಸ್ಥರೂ ಸರದಿಯಲ್ಲಿ ನಿಂತು, "ಹಲೋ, ಹಲೋ" ಎಂದು ತಮ್ಮ ಸ್ವರ ಕೇಳಿಸಿಕೊಂಡು ನಕ್ಕರು. ಹೋಗುವಾಗ, "ಇದು ಇರಲಿ ಮೇಡಂ" ಎಂದರು. ಮಾವನಿಗೆ ಮಾತ್ರ ಒಂದು ಸಂಶಯವಿತ್ತು.

"ಇದು ಕಾಪುವಿಗೆ ಕೇಳ್ತದಾ?"

"ಇಲ್ಲ ಮಾವ, ಆ ಮೇಜಿನವರೆಗೆ ಮಾತ್ರ!"

"ಅಷ್ಟು ದೂರಕ್ಕೆ ಇಷ್ಟೆಲ್ಲ ಎಂತಕ್ಕೆ? ನಾನು ಹಾಗೆಯೇ ಹೇಳ್ತಿದ್ದೆ ಅಲ್ವಾ?"

ವಾಪಸ್ ಬರುವಾಗ ಬಸ್ಸಿನಲ್ಲಿ ಮಾವ ಇಡೀ ಬಸ್ಸಿಗೆ ಕೇಳುವಂತೆ, "ನಿನಗೆ ಇಷ್ಟು ದೊಡ್ಡ ಸ್ವರ ಉಂಟಾ! ಮತ್ತೆ ಮನೆಯಲ್ಲಿ ಎಂತಕ್ಕೆ ಗುಸುಗುಸು ಮಾಡುವುದು? ಬೋಟಿನ ಎಂಜಿನ್ ಕೇಳಿ ಕೇಳಿ ನನ್ನ ಕಿವಿ ದೂರ ಆಗಿ ಎಷ್ಟು ಕಾಲ ಆಯ್ತು! ನೀನು ಹೇಳುವುದು ಒಂದೂ ತಿಳಿಯುವುದಿಲ್ಲ. ಬೇಸರ ಆಗ್ತದೆ ಅಂತ ಸುಮ್ಮನೆ ಹೂಂ ಅಂತೇನೆ" ಎಂದರು. ಮಾವನ ಎದುರು ಸ್ವರ ತಗ್ಗಿಸುವುದೇ ಮರ್ಯಾದೆ ಎಂದು ನಾನು ಅಂದುಕೊಂಡಿದ್ದೆ.

ಅಂದಿನಿಂದ ಮನೆಯಲ್ಲೂ ಗಟ್ಟಿಯಾಗಿ ಮಾತಾಡುತ್ತೇನೆ. ಮಾವನಿಗೆ ಎಲ್ಲವೂ ಕೇಳಿಸುತ್ತದೆ. ಮೊನ್ನೆ, "ಮಾವ, ಭಾನುವಾರ ಕಾರ್ಕಳಕ್ಕೆ, ಅಮ್ಮನ ಮನೆಗೆ ಹೋಗಿ ಬರ್ತೇನೆ" ಎಂದೆ. "ಕಳೆದ ವಾರ ಹೋಗಿದ್ದಿಯಲ್ಲ, ಪುನಃ ಎಂತಕ್ಕೆ?" ಎಂದರು. ನನ್ನ ಯಾವ ಮಾತಿಗೂ ಮಾವ ಬೇಡ ಎಂದವರೇ ಅಲ್ಲ ಎಂದು ಕಾರ್ಕಳದಲ್ಲಿ ಇಷ್ಟು ವರ್ಷ ಹೊಗಳಿಕೊಂಡು ಬಂದಿದ್ದೇನೆ. ಈಗ ಯಾವ ಬಾಯಿಂದ ತಿದ್ದಲಿ?