ಇಲಿಗಳ ಪಾಲಿನ ಹಲಸು

ಐವತ್ಮೂರನೆಯ ವಯಸ್ಸಿನಲ್ಲಿ ನಾನೊಂದು ಐತಿಹಾಸಿಕ ತೀರ್ಮಾನ ಕೈಗೊಂಡೆ: ಇನ್ನು ಮುಂದೆ ಬೋಂಡ, ವಡೆಗಳಿಗೆ ವಿದಾಯ; ಹಣ್ಣೇ ನನ್ನ ಸಂಜೆಯ ತಿಂಡಿ!

ಇದಕ್ಕೆ ಪ್ರೇರಣೆ ಇಲಿಗಳು. ತುಮಕೂರಿನಲ್ಲೇ ಮೈಕ್ರೋಬಯಾಲಜಿ ಎಂ.ಎಸ್ಸಿ. ಓದುತ್ತಿರುವ ಮಗಳು ಭೂಮಿಕಾ, ಹಲಸು ತಿಂದರೆ ಲ್ಯಾಬಿನ ಇಲಿಗಳ ಕರುಳಿನಲ್ಲಿ ಒಳ್ಳೆಯ ಬ್ಯಾಕ್ಟೀರಿಯಾ ಹೆಚ್ಚುತ್ತವೆಯೇ ಎಂದು ಪ್ರಾಜೆಕ್ಟ್ ಮಾಡುತ್ತಿದ್ದಳು. ಉತ್ತರ ಬರುವವರೆಗೆ ಕಾಯುವ ತಾಳ್ಮೆ ವಿಜ್ಞಾನಿಗಳಿಗಿರಬಹುದು, ನನಗಿಲ್ಲ.

ಆದರೆ ಹಲಸು ಬಿಡಿಸುವುದೆಂದರೆ ಕೈತುಂಬ ಅಂಟು. ನಮ್ಮ ಫ್ರಿಜ್ಜಿನಲ್ಲೋ, ಚೇಳೂರಿನಿಂದ ತಂದ ತೊಳೆಗಳನ್ನು ಒಣಗಿಸಿ ಮಗಳು ಇಲಿಗಳಿಗೆಂದು ಬೀಸಿಟ್ಟಿದ್ದ ಹಳದಿ ಪುಡಿ ಡಬ್ಬದ ತುಂಬ ಇತ್ತು. ಹಾಲಿಗೆ ಎರಡು ಚಮಚ ಬೆರೆಸಿ ಕುಡಿದೆ. ಅಮೃತ! ಎರಡು ಚಮಚ ನಾಲ್ಕಾಯಿತು. ಡಬ್ಬ ತಳ ಕಾಣುವ ಲಕ್ಷಣ ಕಂಡಾಗ, ಉಳಿದ ಪುಡಿಯನ್ನು ನನ್ನ ಬಾಟಲಿಗೆ ಸುರಿದುಕೊಂಡು, ಡಬ್ಬಕ್ಕೆ ಕಡಲೆಹಿಟ್ಟು ತುಂಬಿ, ಪರಿಮಳಕ್ಕೆ ಒಂದು ಚಿಟಿಕೆ ಹಲಸು ಉದುರಿಸಿದೆ. ಬಣ್ಣವೂ ಅದೇ, ನುಣುಪೂ ಅದೇ. ಇಲಿಗಳೇನು ಬಂದು ದೂರು ಕೊಡುತ್ತವೆಯೇ?

ಕೊಟ್ಟವು. ಆ ಡಬ್ಬ ಲ್ಯಾಬಿಗೆ ಹೋಗಿ ತಿಂಗಳು ಕಳೆದ ಮೇಲೆ ಭೂಮಿಕಾ ಅಳುಮುಖ ಹೊತ್ತು ಬಂದಳು. ಹನ್ನೆರಡು ಇಲಿಗಳ ಹೊಟ್ಟೆಯೂ ಉಬ್ಬರಿಸಿದೆಯಂತೆ, ಒಳ್ಳೆಯ ಬ್ಯಾಕ್ಟೀರಿಯಾ ಒಂದಿಷ್ಟೂ ಹೆಚ್ಚಿಲ್ಲವಂತೆ. ಸೋಮವಾರ ಗೈಡ್ ಸದಾಶಿವಯ್ಯನವರಿಗೆ ವರದಿ ಒಪ್ಪಿಸಬೇಕು. ಇಲ್ಲದಿದ್ದರೆ ಒಂದು ವರ್ಷವೇ ಹೋದಂತೆ.

"ಹಲಸು ಹೊಟ್ಟೆಗೆ ಆಗಲ್ಲ ಅಂತ ಬರೆದುಬಿಡ್ತೀನಮ್ಮ," ಅಂದಳು.

"ಬರಿ," ಎಂದಳು ನನ್ನ ಹೆಂಡತಿ. "ಜೊತೆಗೆ ಇದನ್ನೂ ಬರ್ಕೊ. ಈ ತಿಂಗಳು ನಮ್ಮನೇಲಿ ಎರಡು ಕೇಜಿ ಕಡಲೆಹಿಟ್ಟು ಖಾಲಿಯಾಗಿದೆ. ಒಂದು ಬೋಂಡಾನೂ ಕರ್ದಿಲ್ಲ."

ಇಬ್ಬರೂ ನನ್ನ ಕಡೆ ತಿರುಗಿದರು. ಮಗಳ ಕಣ್ಣಲ್ಲಿ ನೀರು ಕಂಡಿತು. ಎಲ್ಲ ಒಪ್ಪಿಕೊಂಡೆ.

"ಇಲಿಗೆ ಬೋಂಡದ ಹಿಟ್ಟು, ನಿಮಗೆ ಹಲಸು. ಚೆನ್ನಾಗಿದೆ ಕಣ್ರೀ ನಿಮ್ಮ ಪಥ್ಯ," ಎಂದು ಹೆಂಡತಿ ಒಳಗೆ ಹೋದಳು.

ಭೂಮಿಕಾ ಗೈಡಿಗೆ ಫೋನ್ ಮಾಡಿ ಹದಿನೈದು ನಿಮಿಷ ಮಾತಾಡಿದಳು. ಆಮೇಲೆ ಕಣ್ಣೊರೆಸಿಕೊಂಡು ನೋಟ್‌ಬುಕ್ ಹಿಡಿದು ಬಂದು, ದಿನಕ್ಕೆ ಎಷ್ಟು ಚಮಚ, ಎಷ್ಟು ದಿನ ಎಂದು ವಿಚಾರಿಸಿದಳು. ವಿಜ್ಞಾನಕ್ಕೆ ನೆರವಾಗುವ ಹೆಮ್ಮೆಯಿಂದ ಎದೆಯುಬ್ಬಿಸಿ ಹೇಳಿದೆ.

"ಸರ್ ಎರಡು ತಿಂಗಳು ಟೈಮ್ ಕೊಟ್ಟಿದಾರೆ, ಮೊದಲಿಂದ ಮಾಡ್ಬೇಕು," ಎಂದು ಬ್ಯಾಗಿನಿಂದ ಮುಚ್ಚಳವಿರುವ ಪುಟ್ಟ ಡಬ್ಬಿಯೊಂದನ್ನು ನನ್ನ ಕೈಗಿಟ್ಟಳು. "ಅಲ್ಲೀವರೆಗೂ ನಿಜವಾಗ್ಲೂ ಹಲಸು ತಿಂದಿರೋ ಪ್ರಾಣಿ ನೀವೊಬ್ರೇ ಅಪ್ಪ. ಬೆಳಿಗ್ಗೆ ಎದ್ದ ತಕ್ಷಣ ಇದರಲ್ಲಿ ಸ್ಯಾಂಪಲ್ ಕೊಡಿ."

ಡಬ್ಬಿಯ ಮೇಲೆ ಚೀಟಿ ಅಂಟಿಸಿದ್ದಳು: ಇಲಿ ನಂ. 13, ಗಂಡು, ತೂಕ 82,000 ಗ್ರಾಂ.