ಹೂತಿಟ್ಟ ತೊಡೆಯೂ ಬಿಸಿ ಕಾಣುವ ದುರ್ಬೀನೂ

ಈ ಸಲದ ಬೇಟೆಯೂಟದಲ್ಲಿ ಊರೇ ಬಾಯಿ ಬಿಟ್ಟುಕೊಂಡು ನೋಡುವ ಹಾಗೆ ಮಾಡದಿದ್ದರೆ ತನ್ನ ಹೆಸರು ರೇಯೊ ಅಲ್ಲ ಎಂದು ಹೌಕಿಲಾಂಪಿ ಎಂಬ ಊರಿನ ಅಂಚೆಯವ ರೇಯೊ ಶಪಥ ಮಾಡಿದ. ಶಪಥ ನಡೆದದ್ದು ಅಡುಗೆಮನೆಯಲ್ಲಿ, ಹೆಂಡತಿ ಐಲಾಳ ಎದುರಿಗೆ. ಕೈಯಲ್ಲಿ ಟಾರ್ಚಿನಷ್ಟು ದಪ್ಪದ ಒಂದು ಕಪ್ಪು ದುರ್ಬೀನು ಇತ್ತು.

ಅದು ಬೆಳಕನ್ನಲ್ಲ, ಬಿಸಿಯನ್ನು ನೋಡುವ ದುರ್ಬೀನು. ಹಿಂದೆಲ್ಲ ಇಂಥದ್ದು ಹೆಲ್ಸಿಂಕಿಯಿಂದ ದೊಡ್ಡ ಕಾರಿನಲ್ಲಿ ಬರುವ ಬೇಟೆಗಾರರ ಕೊರಳಲ್ಲಿ ಮಾತ್ರ ನೇತಾಡುತ್ತಿತ್ತು. ರೇಯೊನಂಥವರು ಅದನ್ನು ದೂರದಿಂದ ನೋಡಿ ಹೊಟ್ಟೆಕಿಚ್ಚು ಪಡುತ್ತಿದ್ದರು. ಈಗ ಬೆಲೆ ಇಳಿದು ಇಳಿದು, ಮರ ಕೊಯ್ಯುವ ಕೈಯಂತ್ರದ ದರಕ್ಕೆ ಅಂಚೆಯವನ ಕೈಗೂ ಬಂದಿತ್ತು.

ತಂದ ದಿನ ಅವನು ಊಟ ಮಾಡಲಿಲ್ಲ. ಕಿಟಕಿಯಲ್ಲಿ ನಿಂತು ನೋಡಿದರೆ ಸೌದೆ ರಾಶಿಯ ಸಂದಿಯಲ್ಲಿ ಇಲಿ ಕೆಂಡದ ಹಾಗೆ ಹೊಳೆಯುತ್ತಿತ್ತು. ಬೇಲಿಯಾಚೆ ಮೊಲವೊಂದು ಉಸಿರಾಡಿದ್ದೂ ಕಂಡಿತು. ಆಮೇಲೆ ದುರ್ಬೀನನ್ನು ಮನೆಯೊಳಗೆ ತಿರುಗಿಸಿದ. ಐಲಾ ಬರಿಗಾಲಲ್ಲಿ ಒಲೆಯಿಂದ ಮೇಜಿಗೆ ನಡೆದಿದ್ದಳು. ನೆಲದ ಮೇಲೆ ಅವಳ ಹೆಜ್ಜೆಗಳು ಬೆಳ್ಳಗೆ ಬೆಳಗಿ, ಒಂದೊಂದಾಗಿ ಆರಿಹೋದವು.

"ಐಲಾ, ನೀನು ನಡೆದಲ್ಲೆಲ್ಲಾ ನೆಲ ಬೆಚ್ಚಗಾಗುತ್ತೆ ಕಣೆ."

"ಮೂವತ್ತು ವರ್ಷದಿಂದ ಆಗ್ತಾನೇ ಇದೆ. ನಿನಗೆ ಯಂತ್ರ ತಂದ್ಮೇಲೆ ಗೊತ್ತಾಯ್ತು. ಸೂಪು ಆರ್ತಾ ಇದೆ, ಅದನ್ನೂ ಯಂತ್ರದಲ್ಲೇ ನೋಡು."

ರೇಯೊನಿಗೆ ಇಷ್ಟು ಸಂಭ್ರಮವಾಗಲು ಇನ್ನೊಂದು ಕಾರಣವಿತ್ತು. ಮೂಸ್ ಎಂಬ ಭಾರಿ ಕಡವೆಯ ಬೇಟೆ ಮುಗಿದ ಮೇಲೆ, ಯಾರ ಕಾಡಿನಲ್ಲಿ ಬೇಟೆಯಾಡಿದರೋ ಆ ಕಾಡಿನ ಒಡೆಯರನ್ನು ಕರೆದು ಬೇಟೆಗಾರರ ತಂಡ ಊಟ ಹಾಕಬೇಕು. ಅರ್ಧಕ್ಕರ್ಧ ಕಾಡು ಲೆಂಪಿ ಅಜ್ಜಿಯದು. ಮುಂದಿನ ವರ್ಷಗಳ ಬೇಟೆಗೆ ಕಾಡು ಕೊಡುತ್ತೇನೆ, ಇಲ್ಲ ಎನ್ನುವ ಮಾತನ್ನು ಅಜ್ಜಿ ಆಡುವುದು ಮಾಂಸ ತಿಂದು ಕಾಫಿ ಕುಡಿದ ಮೇಲೆಯೇ. ಈ ಸಲ ಆ ಮಾತಿನ ವರ್ಷ. ಮಾಂಸ ಬೇಯಿಸುವ ಹೊಣೆ ಮೊದಲ ಬಾರಿಗೆ ರೇಯೊನ ಪಾಲಿಗೆ ಬಂದಿತ್ತು.

ಬೇಯಿಸುವುದು ಮಣ್ಣಿನಡಿಯಲ್ಲಿ. ಮರಳಿನಲ್ಲಿ ಗುಂಡಿ ತೋಡಿ, ಕಲ್ಲು ಜೋಡಿಸಿ, ಸಂಜೆವರೆಗೂ ಬೆಂಕಿ ಉರಿಸಿ, ಕೆಂಡ ತೆಗೆದು, ಕಾಗದದಲ್ಲಿ ಸುತ್ತಿದ ಮೂಸ್ ತೊಡೆಯನ್ನು ಇಳಿಸಿ, ಮರಳು ಮುಚ್ಚಿ, ಅದರ ಮೇಲೆ ಮತ್ತೆ ಬೆಂಕಿ ಹಾಕಿ ಬೆಳಗಿನತನಕ ಬಿಡಬೇಕು. ಊಟದ ಹೊತ್ತಿಗೆ ಆ ಬೆಂಕಿ ಸರಿಸಿ ಅಗೆದರಾಯಿತು. ಅಜ್ಜನ ಕಾಲದಿಂದಲೂ ಹೀಗೇ.

"ಬೆಂಕಿ ಉರಿಯೋ ಕಡೆ ಅಗೆಯೋದರಲ್ಲಿ ಏನು ಹೆಚ್ಚುಗಾರಿಕೆ?" ಎಂದ ರೇಯೊ. ಊಟದ ದಿನ ಬೆಳಗ್ಗೆ, ರಾತ್ರಿ ತೊಡೆ ಹೂತಿದ್ದ ಹಳೆಯ ಮರಳುಗುಣಿಗೆ ಹೋಗಿ ಮೇಲಿನ ಕೆಂಡವನ್ನೆಲ್ಲ ಗೋರಿ ತೆಗೆದ. ನೆಲ ಸಮ ಮಾಡಿ, ಗುರುತು ಸಿಗದ ಹಾಗೆ ಪೈನ್ ಮರದ ಸೂಜಿಯೆಲೆ ಹರಡಿದ. ಇಬ್ಬನಿ ಹೆಪ್ಪುಗಟ್ಟಿದ್ದ ಆ ಚಳಿಯಲ್ಲಿ ದುರ್ಬೀನು ಹಿಡಿದು ನೋಡಿದರೆ, ಕಪ್ಪು ನೆಲದ ನಡುವೆ ಒಂದು ಹುಣ್ಣಿಮೆ ಬಿದ್ದಿತ್ತು. ಮಣ್ಣಿನ ಹೊಟ್ಟೆಯೊಳಗಿನ ಅಡುಗೆ ಮನುಷ್ಯರ ಕಣ್ಣಿಗೆ ಕಾಣುತ್ತದೆಂದರೆ! ರೇಯೊ ತಲೆಯ ಟೊಪ್ಪಿ ತೆಗೆದ.

ಐಲಾ ಬಂದವಳೇ ಜುನಿಪರ್ ಗಿಡದ ಒಂದು ಕೋಲು ಕಿತ್ತು ಆ ಜಾಗದಲ್ಲಿ ನೆಟ್ಟಳು. "ಇದೊಂದು ಇರಲಿ."

"ಕೋಲು ನೆಟ್ಟರೆ ಕುರುಡನೂ ಹುಡುಕ್ತಾನೆ."

"ಕುರುಡನಿಗೂ ಸಿಗಲಿ ಅಂತಾನೇ ನೆಟ್ಟಿದ್ದು."

ಅವಳು ಆಲೂಗಡ್ಡೆ ಬೇಯಿಸಲು ಅತ್ತ ಹೋದದ್ದೇ ತಡ, ರೇಯೊ ಕೋಲು ಕಿತ್ತ. ಒಳ್ಳೆಯ ನೇರವಾದ ಕೋಲು. ತುದಿ ಚೂಪು ಮಾಡಿ, ಗೋರಿ ಹಾಕಿದ ಕೆಂಡದ ಮೇಲೆ ಅದರಲ್ಲೇ ಎರಡು ಸಾಸೇಜು ಸುಟ್ಟು ತಿಂದ. ಆಮೇಲೆ ಕೋಲನ್ನು ಬೆಂಕಿಗೆ ಹಾಕಿದ.

ಮಧ್ಯಾಹ್ನಕ್ಕೆ ಜನ ಬಂದರು. ಅಕ್ಟೋಬರಿನಲ್ಲಿ ಯಾರೂ ಕೇಳದ ಬಿಸಿಲೂ ಬಂತು. ಮರಳು ಕಾಯಿತು. ಗೋರಿ ಹಾಕಿದ್ದ ಕೆಂಡವನ್ನು ಒಬ್ಬೊಬ್ಬರು ಒಂದೊಂದು ಕಡೆ ಒಯ್ದು ಕಾಫಿಗೆ ಬೆಂಕಿ ಮಾಡಿಕೊಂಡರು. ಲೆಂಪಿ ಅಜ್ಜಿ ಕುರಿತೊಗಲು ಹಾಸಿಕೊಂಡು ನಡುವೆ ಆಸೀನಳಾದಳು. ತಂಡದ ನಾಯಕ ಓಸ್ಮೊ ಚಪ್ಪಾಳೆ ತಟ್ಟಿ, "ನಮ್ಮ ರೇಯೊ ಈಗ ನೆಲದೊಳಗಿನ ಊಟ ತೋರಿಸ್ತಾನೆ" ಎಂದು ಸಾರಿದ.

ರೇಯೊ ಗತ್ತಿನಿಂದ ದುರ್ಬೀನು ಏರಿಸಿದ. ಬೆಳಗಿನ ಹುಣ್ಣಿಮೆ ಎಲ್ಲೂ ಇರಲಿಲ್ಲ. ಇಡೀ ಮರಳುಗುಣಿಯೇ ಬೆಳ್ಳಗೆ ಹೊಳೆಯುತ್ತಿತ್ತು. ಹುಣ್ಣಿಮೆ ಇದ್ದ ಕಡೆ ಎಂದು ಅವನು ಅಂದಾಜು ಮಾಡಿದಲ್ಲಿ ಅವನದೇ ಮುದಿ ಬೇಟೆನಾಯಿ ಉಕ್ಕೊ ಕಾಲು ಚಾಚಿ ಮಲಗಿತ್ತು. ಅದರ ಮೈಬಿಸಿ ದುರ್ಬೀನಿನ ತೆರೆಯನ್ನೆಲ್ಲ ಕಲಸಿಹಾಕುತ್ತಿತ್ತು.

"ಏಳೋ, ನಡಿ ಅತ್ತ!" ನಾಯಿ ಬೇಸರದಿಂದ ಎದ್ದುಹೋಯಿತು.

ಅಲ್ಲಿ ಉಳಿದ ಹೊಳಪು ನಾಯಿಯ ಮೈಬಿಸಿಯದೇ ಎಂದುಕೊಂಡ ರೇಯೊ ಮೊದಲ ಗುಂಡಿಯನ್ನು ಬಲಗಡೆ ತೋಡಿದ. ಯಾರೋ ಹೂತ ಕಾಫಿ ಬೆಂಕಿಯ ಇದ್ದಿಲು ಸಿಕ್ಕಿತು. ಎರಡನೆಯದು ಓಸ್ಮೊನ ಕಾರು ಈಗಷ್ಟೇ ಸರಿದ ಜಾಗ. ಅಲ್ಲಿ ಬೆಚ್ಚಗಿದ್ದದ್ದು ಎಂಜಿನ್ನು ಬಿಟ್ಟುಹೋದ ಬಿಸಿ. ಬೆಟ್ಟ ಅಗೆದು ಇಲಿ ಹಿಡಿದರು ಅನ್ನುತ್ತಾರೆ, ರೇಯೊನಿಗೆ ಇಲಿಯೂ ದಕ್ಕಲಿಲ್ಲ. ಈ ನಡುವೆ ಉಕ್ಕೊ ಮತ್ತೆ ಬಂದು ಮೊದಲಿನ ಜಾಗದಲ್ಲೇ ಸುತ್ತು ಹಾಕಿ ಮಲಗಿತ್ತು. ರೇಯೊ ಅದನ್ನು ಮತ್ತೆ ಓಡಿಸಿದ.

"ಕೋಲು ಎಲ್ಲಿ?" ಐಲಾ ಮೆಲ್ಲಗೆ ಕೇಳಿದಳು.

"ತಿಂದೆ. ಅಂದ್ರೆ, ಅದರಲ್ಲಿ ಸಾಸೇಜು ತಿಂದೆ."

ಐಲಾ ಆಲೂಗಡ್ಡೆಯ ಪಾತ್ರೆಯ ಕಡೆ ತಿರುಗಿಕೊಂಡಳು. ಅವಳು ಬೈದಿದ್ದರೇ ಚೆನ್ನಾಗಿತ್ತು. ರೇಯೊನಿಗೆ ನಿಜಕ್ಕೂ ಭಯವಾಯಿತು. ಅಪ್ಪ ಬೇಟೆಯಾಡಿದ ಕಾಡು ತನ್ನ ಹುಚ್ಚಿನಿಂದ ಕೈಬಿಟ್ಟುಹೋದರೆ ನಾಳೆಯಿಂದ ಯಾವ ಮುಖ ಹೊತ್ತು ಮನೆಮನೆಗೆ ಕಾಗದ ಹಂಚುವುದು? ದುರ್ಬೀನು ಏರಿಸಿ ಮತ್ತೆ ನೋಡಿದ. ಒಂದು ಕಡೆ, ಒಂದೇ ಒಂದು ಕಡೆ, ದುಂಡಗೆ, ದಟ್ಟವಾಗಿ ಹೊಳೆಯುತ್ತಿತ್ತು. ಲೆಂಪಿ ಅಜ್ಜಿಯ ಅಡಿಯಲ್ಲಿ.

"ಅಜ್ಜಿ, ಸ್ವಲ್ಪ ಎದ್ದೇಳ್ತೀರಾ? ಊಟ ನಿಮ್ಮ ಕೆಳಗಿದೆ."

"ಎಂಬತ್ತಾರು ವರ್ಷದಲ್ಲಿ ಈ ಮಾತು ಯಾರೂ ಅಂದಿರಲಿಲ್ಲ," ಎನ್ನುತ್ತಾ ಅಜ್ಜಿ ಇಬ್ಬರ ಹೆಗಲು ಹಿಡಿದು ಎದ್ದಳು. ರೇಯೊ ಸೊಂಟದ ಮಟ್ಟ ಅಗೆದ. ಕೆಳಕೆಳಗೆ ಹೋದಂತೆ ಮರಳು ತಣ್ಣಗಾಯಿತು. ಅಲ್ಲಿದ್ದದ್ದು ಅಜ್ಜಿಯ ಸ್ವಂತ ಬಿಸಿ.

"ಸಿಕ್ಕಿತಾ?" ಎಂದಳು ಅಜ್ಜಿ. "ಇಲ್ಲದಿದ್ರೆ ಹೇಳಿಬಿಡಪ್ಪ, ಮನೆಯಲ್ಲಿ ಗಂಜಿ ಇದೆ."

ಓಸ್ಮೊ ಕಣ್ಣು ಮುಚ್ಚಿಕೊಂಡ. ಗುಂಡಿಯೊಳಗೆ ನಿಂತ ರೇಯೊನಿಗೆ ಮೇಲೆ ಬರುವ ಮನಸ್ಸಾಗಲಿಲ್ಲ. ಆಗ ಐಲಾ ಕೇಳಿದಳು, "ರೇಯೊ, ಇಷ್ಟು ದೊಡ್ಡ ಮರಳುಗುಣಿಯಲ್ಲಿ ಉಕ್ಕೊಗೆ ಅದೊಂದೇ ಜಾಗ ಯಾಕೆ ಬೇಕು?"

ಎಲ್ಲರೂ ತಿರುಗಿ ನೋಡಿದರು. ಮೂರನೆಯ ಸಲ ಅದೇ ಜಾಗಕ್ಕೆ ಬಂದು ಮಲಗಿದ್ದ ಉಕ್ಕೊ ಮೂಗನ್ನು ಮರಳಿಗೆ ಒತ್ತಿಕೊಂಡು ಜೊಲ್ಲು ಸುರಿಸುತ್ತಿತ್ತು.

ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಕಥೆ ಇದು. ಈ ಸಲ ಐಲಾಳೇ ಅಗೆದಳು. ಮೊಣಕಾಲುದ್ದ ಹೋಗುವಷ್ಟರಲ್ಲಿ ಆವಿ ಎದ್ದಿತು. ತೊಡೆ ಎಷ್ಟು ಹದವಾಗಿ ಬೆಂದಿತ್ತೆಂದರೆ ಮೂಳೆ ಹಿಡಿದೆತ್ತಿದರೆ ಮಾಂಸ ಅಲ್ಲೇ ಉಳಿಯಿತು. ಅಷ್ಟು ಜನರೂ ತಟ್ಟೆ ಹಿಡಿದು ಮುಂದೆ ಬಂದರು. ಮೊದಲ ತುಂಡು ಉಕ್ಕೊಗೆ ಹೋಯಿತು, ಎರಡನೆಯದು ಅಜ್ಜಿಗೆ.

ಅಜ್ಜಿ ನಿಧಾನವಾಗಿ ತಿಂದು, ಕಾಫಿ ಕುಡಿದು, ಬಾಯೊರೆಸಿಕೊಂಡಳು. "ಕಾಡು ಕೊಡ್ತೀನಿ. ಆದ್ರೆ ಉಕ್ಕೊ ಹೆಸರಿಗೆ. ಅವನು ಬೇಕಾದವರನ್ನ ಜೊತೆಗೆ ಕರ್ಕೊಂಡು ಹೋಗಲಿ."

ನಗು ಅಲೆಯಲೆಯಾಗಿ ಎದ್ದಿತು. ನಾಚಿ ತಲೆ ತಗ್ಗಿಸಿದ ರೇಯೊ ಮಂಜಿನ ನೆಲದಲ್ಲಿ ಕಂಡ ಹುಣ್ಣಿಮೆಯನ್ನೂ, ಯಂತ್ರವಿಲ್ಲದೆ ಅದನ್ನೇ ಕಂಡ ಆ ಒದ್ದೆ ಮೂಗನ್ನೂ ನೆನೆದು ಬೆರಗಾಗಿ ಕೂತಿದ್ದ. ಯಾವುದಕ್ಕೆ ಹೆಚ್ಚು ಕೈಮುಗಿಯಬೇಕೆಂದು ಅವನಿಗೆ ತಿಳಿಯಲಿಲ್ಲ. ಐಲಾ ಅವನ ಪಕ್ಕಕ್ಕೆ ಬಂದು, ಮೊದಲ ಬಾರಿಗೆ ದುರ್ಬೀನು ತೆಗೆದುಕೊಂಡು ಕಣ್ಣಿಗಿಟ್ಟುಕೊಂಡಳು. ಬಹಳ ಹೊತ್ತು ಹಿಡಿದೇ ಇದ್ದಳು.

"ಅಬ್ಬ, ರೇಯೊ. ನೀನು ಹೇಳಿದ್ದು ನಿಜ. ಕೊಟ್ಟ ದುಡ್ಡಿಗೆ ಮೋಸ ಇಲ್ಲ."

"ಏನು ಕಾಣ್ತು?" ರೇಯೊನಿಗೆ ಜೀವ ಬಂದಂತಾಯಿತು.

"ನಿನ್ನ ಕಿವಿ," ಎಂದಳು ಐಲಾ. "ಇಡೀ ಮರಳುಗುಣಿಯಲ್ಲಿ ಅದಕ್ಕಿಂತ ಬಿಸಿಯಾದ್ದು ಬೇರೆ ಇಲ್ಲ."