ನನ್ನ ಪ್ರಸಂಗ ತೆರೆಸಮ್ಮನ ಪಾಲಾದದ್ದು

ಕೆಲವರಿಗೆ ಮದುವೆಗೆ ಹೋದರೆ ಊಟದಲ್ಲಿ ಹುಳುಕು ಹುಡುಕುವ ಚಾಳಿ. ನನಗೆ ಸಾವಿಗೆ ಹೋದರೆ ಪ್ರಸಂಗದಲ್ಲಿ ಹುಳುಕು ಹುಡುಕುವ ಚಾಳಿ. ಪ್ರಸಂಗ ಎಂದರೆ ನಮ್ಮ ಚರ್ಚಿನಲ್ಲಿ ಪೂಜೆಯ ನಡುವೆ ಫಾದರ್ ಮಾಡುವ ಉಪದೇಶ. ಸತ್ತವರ ಪೂಜೆಯಾದರೆ ಅದರಲ್ಲಿ ಅವರ ಗುಣಗಾನವೂ ಸೇರಿರುತ್ತದೆ. ಪಾಪ, ಎಷ್ಟೋ ಸಲ ಫಾದರ್‌ಗೆ ಸತ್ತವರ ಗುರುತೇ ಇರುವುದಿಲ್ಲ. ಊರಿಗೆ ಬಂದು ನಮ್ಮ ಮುಖಗಳನ್ನು ಬಾಯಿಪಾಠ ಮಾಡುವಷ್ಟರಲ್ಲಿ ಬಿಷಪ್ಪರಿಂದ ಟ್ರಾನ್ಸ್‌ಫರ್ ಆರ್ಡರ್ ಬಂದಿರುತ್ತದೆ. ಹಾಗಾಗಿ ಹೆಂಗಸು ಸತ್ತರೆ ‘ಮಮತೆಯ ತಾಯಿ’, ಗಂಡಸು ಸತ್ತರೆ ‘ಕಷ್ಟಜೀವಿ’. ಜೀವಮಾನವಿಡೀ ಈಸಿಚೇರಿನಿಂದ ಏಳದ ನಮ್ಮ ಪಕ್ಕದ ಮನೆಯವರನ್ನು ಒಬ್ಬ ಫಾದರ್ ಕಷ್ಟಜೀವಿ ಎಂದಾಗ, ಅವರ ಹೆಂಡತಿ ಅಳುವುದನ್ನು ನಿಲ್ಲಿಸಿ ನನ್ನ ಕಡೆ ನೋಡಿದರು. ಇಬ್ಬರೂ ಕರ್ಚೀಫನ್ನು ಬಾಯಿಗೆ ಒತ್ತಿಕೊಂಡೆವು. ಜನ ಅದನ್ನು ದುಃಖ ಎಂದುಕೊಂಡರು, ಥ್ಯಾಂಕ್ ಗಾಡ್.

ನನಗೆ ಹಾಗಾಗಕೂಡದು ಎಂದು ಅವತ್ತೇ ತೀರ್ಮಾನಿಸಿದೆ. ಜೊತೆಗೆ ಇನ್ನೊಂದು ಹಟವೂ ಇತ್ತು. ನನ್ನನ್ನು ಕನ್ನಡದಲ್ಲೇ ಕಳಿಸಿಕೊಡಬೇಕು. ಗಡಿಯಾಚೆ ತಮಿಳುನಾಡಿಗೆ ಸೇರಿದ ಹೊಸೂರಿನ ನಮ್ಮ ಚರ್ಚಿನಲ್ಲಿ ಎಲ್ಲವೂ ತಮಿಳು. ಕನ್ನಡ ಪೂಜೆ ಅಪರೂಪದ ಅತಿಥಿ. ಹಾಲಿನವಳೊಂದಿಗೆ ತೆಲುಗು, ಸಂತೆಯಲ್ಲಿ ತಮಿಳು, ಕಾನ್ವೆಂಟಿನಲ್ಲಿ ಓದಿ ಕಾನ್ವೆಂಟಿನಲ್ಲೇ ಪಾಠ ಹೇಳಿದ್ದರಿಂದ ದೇವರೊಂದಿಗೂ ಇಂಗ್ಲಿಷ್, ಹೀಗೆ ನನ್ನ ಬದುಕು ಕಳೆಯಿತು. ಆದರೆ ಚಿಕ್ಕಂದಿನಲ್ಲಿ ಅಜ್ಜಿಯ ಮಗ್ಗುಲಲ್ಲಿ ಮಲಗಿ ನಿದ್ದೆಗಣ್ಣಲ್ಲಿ ಹೇಳಿದ್ದು ‘ಪರಲೋಕದಲ್ಲಿರುವ ನಮ್ಮ ತಂದೆಯೇ’. ಕೊನೆಯ ನಿದ್ದೆಗೂ ಅದೇ ಇರಲಿ ಎಂಬುದು ನನ್ನ ಆಸೆ. ಇದಕ್ಕಾಗಿ, ಊರಿಗೆ ಬಂದ ಬಂದ ಫಾದರ್‌ಗಳಿಗೆಲ್ಲ ಕನ್ನಡ ಕಲಿಸಲು ಹೊರಟೆ. ಅವರು ಕಲಿತರು, ನಾನು ಸಾಯಲಿಲ್ಲ, ಅವರು ಹೊರಟುಹೋದರು. ಯಾರ ತಪ್ಪು ಎನ್ನೋಣ?

ಈಗಿರುವವರು ಫಾದರ್ ಅರುಳ್. ತೂತುಕುಡಿ ಕಡೆಯ ಮೀನುಗಾರರ ಮನೆಯ ಮಗ. ಕಡ್ಡಿಯಂಥ ಮೈ, ಅದಕ್ಕೆ ಎರಡು ಸೈಜು ದೊಡ್ಡದಾದ ನಿಲುವಂಗಿ. ಉತ್ತರದ ಕಾಡುಸೀಮೆಯ ಮಿಷನ್ನಿನಲ್ಲಿ ಬಹಳ ವರ್ಷ ಇದ್ದು ಬಂದವರು. ಭಾನುವಾರ ಇಲ್ಲಿ ಪೂಜೆ ಮುಗಿಸಿ, ಹೆಲ್ಮೆಟ್ ಹಾಕಿಕೊಂಡು ಬೈಕಿನಲ್ಲಿ ಸೂಳಗಿರಿಗೆ ಹೋಗಿ ಪೂಜೆ ಮಾಡಿ, ಅಲ್ಲಿಂದ ರಾಯಕೋಟೆ ಕಡೆಗೆ ಓಡುತ್ತಾರೆ. ಫ್ಯಾಕ್ಟರಿಯ ನೈಟ್ ಶಿಫ್ಟ್ ಮುಗಿಸಿ ಬಂದವರು ಪೂಜೆಯಲ್ಲಿ ತೂಕಡಿಸಿದರೆ ಬಯ್ಯುವುದಿಲ್ಲ, ದನಿ ತಗ್ಗಿಸುತ್ತಾರೆ. ಸಂಜೆ ಅವರು ವಾಸವಿರುವ ಗುರುಮನೆಯ ಜಗಲಿಯಲ್ಲಿ ನನ್ನ ಕ್ಲಾಸು. “ಇಷ್ಟೆಲ್ಲಾ ಕೆಲಸದ ಮಧ್ಯೆ ಈ ಮುದುಕಿಯ ಕಾಟ ಯಾಕೆ ಸಹಿಸ್ತೀರಿ ಫಾದರ್?” ಎಂದು ಒಮ್ಮೆ ಕೇಳಿದೆ.

“ಅಮ್ಮಾ, ಆ ಮಿಷನ್‌ನಲ್ಲಿ ಒಬ್ಬ ತಾತ ಸಾಯ್ತಾ ಇದ್ದ,” ಎಂದರು. “ಏನೋ ಕೇಳ್ತಾನೇ ಇದ್ದ. ನನಗೆ ಅವರ ಭಾಷೆ ಇನ್ನೂ ಬರಲ್ಲ. ಕೈ ಹಿಡ್ಕೊಂಡು ಜಪ ಮಾಡಿದೆ. ಆಮೇಲೆ ಬೇರೆಯವರು ಹೇಳಿದರು, ಅವನು ಕೇಳಿದ್ದು ನೀರು.”

ಅವತ್ತು ನಾನು ಅವರ ಒಂದು ತಪ್ಪನ್ನೂ ತಿದ್ದಲಿಲ್ಲ. ಮರುದಿನದಿಂದ ಮಾತ್ರ ಡಬಲ್ ಸ್ಟ್ರಿಕ್ಟ್. ಪ್ರಾರ್ಥನೆಗಳಾದ ಮೇಲೆ ಪ್ರಸಂಗಕ್ಕೆ ಬಂದೆವು. ನನ್ನ ಬಗ್ಗೆ ಏನೇನು ಹೇಳಬೇಕೆಂದು ನಾನೇ ಹೇಳಿಕೊಟ್ಟೆ. ಸ್ವಲ್ಪ ವಿನಯ ಇರಲಿ ಎಂದು ಒಂದೆರಡು ಸದ್ಗುಣ ಬಿಟ್ಟೆ. ಅವರು ಶಾಲೆಯ ಹುಡುಗನಂತೆ ಕಣ್ಣು ಮುಚ್ಚಿ ಒಪ್ಪಿಸುತ್ತಿದ್ದರು. ಕೊನೆಗೊಂದು ದಿನ ಕೈಕಟ್ಟಿ ನಿಂತು, “ಟೀಚರಮ್ಮಾ, ಥಿಯರಿ ಮುಗಿದಿದೆ. ಪ್ರಾಕ್ಟಿಕಲ್ ಯಾವಾಗ?” ಎಂದರು!

ನಮ್ಮ ಈ ಪಾಠದ ಸುದ್ದಿ ತೆರೆಸಮ್ಮನ ಕಿವಿಗೂ ಬಿತ್ತು. ತೆರೆಸಮ್ಮ ನಮ್ಮ ಅವಲಪಲ್ಲಿ ಬಡಾವಣೆಯಲ್ಲೇ ನನ್ನ ಹಿಂದಿನ ಬೀದಿಯವಳು, ನನ್ನ ವಯಸ್ಸಿನವಳು. ಮಗಳು ರೋಸಿಗೆ ಇಲ್ಲಿ ಫ್ಯಾಕ್ಟರಿ ಕೆಲಸ ಸಿಕ್ಕಿದಾಗ ಕೋಲಾರದ ಕಡೆಯಿಂದ ಅವಳೊಂದಿಗೆ ಬಂದವಳು. ಚರ್ಚಿನಲ್ಲಿ ಫ್ಯಾನಿನ ಕೆಳಗಿನ ಜಾಗಕ್ಕಾಗಿ ನಮ್ಮಿಬ್ಬರಿಗೂ ಪ್ರತಿ ಭಾನುವಾರ ಮೌನಯುದ್ಧ.

“ಏನ್ ಟೀಚರಮ್ಮ, ಸ್ವಾಮ್ಯೋರ್ಗೆ ನಿಮ್ ಸಾವಿನ್ ಪಾಠ ಏಳ್ಕೊಡ್ತಾ ಇದ್ದೀರಂತೆ?” ಎಂದಳು ಚರ್ಚಿನ ಗೇಟಿನಲ್ಲಿ. “ಅದ್ರಲ್ಲೇ ನಂಗೂ ಒಸಿ ಸೇರಿಸ್ಬುಡಿ. ಕನ್ನಡ ನಂದೂ ತಾನೇ?”

“ಇದು ಪ್ರೈವೇಟ್ ಟ್ಯೂಷನ್ ತೆರೆಸಮ್ಮ,” ಎಂದೆ ಗತ್ತಿನಿಂದ.

“ಮಡೀಕಳ್ಳಿ ಬುಡಿ. ಒತ್ಕೊಂಡೇ ಓಗೀರಂತೆ!” ಎಂದು ನಕ್ಕು ನಡೆದಳು.

ಆಮೇಲೆ ಸ್ವಲ್ಪ ದಿನಕ್ಕೇ, ಒಂದು ಬೆಳಿಗ್ಗೆ ಕಾಫಿ ಕುಡಿದು ಗೋಡೆಗೊರಗಿದ ತೆರೆಸಮ್ಮ ಮತ್ತೆ ಏಳಲಿಲ್ಲ. “ನಮ್ಮವ್ವಂಗೆ ತಮಿಳು ಅಷ್ಟಾಗಿ ತಿಳೀತಿರ್ಲಿಲ್ಲ ಸ್ವಾಮಿ, ಕನ್ನಡದಾಗೇ ಮಾಡಿ,” ಎಂದು ರೋಸಿ ಅತ್ತುಕೊಂಡು ಕೇಳಿದಳಂತೆ. ಫಾದರ್ ಒಪ್ಪಿದರು. ಒಪ್ಪದೆ? ಒಂದು ಪೂರ್ತಿ ಅಂತ್ಯಕ್ರಿಯೆ ಅವರ ತಲೆಯಲ್ಲಿ ಸಿದ್ಧವಾಗಿ ಕೂತಿತ್ತಲ್ಲ.

ಹೀಗೆ ನಾನು ಆರಿಸಿದ ಹಾಡು, ನಾನು ತಿದ್ದಿದ ಪ್ರಾರ್ಥನೆ ಎಲ್ಲವೂ ತೆರೆಸಮ್ಮನಿಗೆ ಸಂದವು. ಫ್ಯಾನಿನ ಕೆಳಗೆ ಅವತ್ತು ನಾನೊಬ್ಬಳೇ. ಹಾಳಾದ್ದು, ಗಾಳಿಯೇ ಹಿತವಾಗಲಿಲ್ಲ. ಅಷ್ಟರಲ್ಲಿ ಪ್ರಸಂಗ ಶುರುವಾಯಿತು. “ಈ ತಾಯಿ ನಮ್ಮೂರಿನ ಎಷ್ಟೋ ಮಕ್ಕಳಿಗೆ ಇಂಗ್ಲಿಷ್ ವಿದ್ಯೆಯನ್ನು ಧಾರೆಯೆರೆದರು.” ಮುಂದಿನ ಸಾಲಿನಲ್ಲಿದ್ದ ರೋಸಿ ಹಿಂದಕ್ಕೆ ನನ್ನ ಕಿವಿಯ ಹತ್ತಿರ ಬಾಗಿ, “ಟೀಚರಮ್ಮ, ನಮ್ಮವ್ವ ಯಾವಾಗ ಇಂಗ್ಲಿಷ್ ಏಳ್ಕೊಟ್ಟಿತ್ತು?” ಎಂದಳು. ಫಾದರ್‌ಗೆ ಕನ್ನಡದಲ್ಲಿ ಗೊತ್ತಿದ್ದ ಪ್ರಸಂಗ ಅದೊಂದೇ. ಗಾಬರಿಯಲ್ಲಿ ಅದೇ ಹಳಿಯ ಮೇಲೆ ಓಡಿದರು. “ಅವರ ಶಿಸ್ತು, ಅವರ ಸರಳತೆ…” ಎನ್ನುತ್ತಾ ಕಣ್ಣು ಬಿಟ್ಟವರಿಗೆ ಎದುರಿಗೇ ನಾನು ಕಂಡೆ, ಜೀವಂತ. ಮಾತು ನಿಂತಿತು. ಮುಖ ಒರೆಸಿಕೊಂಡರು.

“ಕ್ಷಮಿಸಿ. ಇದು ಬೇರೆಯವರದು,” ಎಂದರು. “ಅವರು ಇನ್ನೂ ಇದ್ದಾರೆ.”

ಇಡೀ ಚರ್ಚು ನನ್ನ ಕಡೆ ತಿರುಗಿತು. ನಾನು ಜಪಸರ ನೋಡತೊಡಗಿದೆ.

ಆಮೇಲೆ ಫಾದರ್ ತಮ್ಮದೇ ಕನ್ನಡದಲ್ಲಿ ಮೆಲ್ಲಗೆ ಶುರುಮಾಡಿದರು. “ತೆರೆಸಮ್ಮ ಶುಕ್ರವಾರ ಮುದ್ದೆ ತರ್ತಾಳೆ. ಬಸ್ಸಾರು ತರ್ತಾಳೆ. ‘ಸ್ವಾಮಿ, ಮೂಳೆ ಕಾಣ್ತದೆ, ತಿನ್ನು’ ಅಂತಾಳೆ. ನಾನು ಮುದ್ದೆ ಅಗಿತೀನಿ. ತೆರೆಸಮ್ಮ ನಗ್ತಾಳೆ. ‘ಅಗೀಬ್ಯಾಡ ಕಣಪ್ಪ, ನುಂಗು’ ಅಂತಾಳೆ. ನನ್ನ ಅಮ್ಮ ಸತ್ತಾಗ ನಾನು ಮಿಷನ್‌ನಲ್ಲಿ ಇದ್ದೆ. ಬರೋದು ತಡ ಆಯ್ತು. ಮಣ್ಣು ಮುಗಿದಿತ್ತು. ಇವತ್ತು ನಾನು ಮಣ್ಣು ಹಾಕ್ತೀನಿ.”

ಸತ್ತವಳ ಬಗ್ಗೆ ಎಲ್ಲವೂ ವರ್ತಮಾನಕಾಲದಲ್ಲಿ! ನನ್ನ ಕ್ಲಾಸಿನಲ್ಲಾಗಿದ್ದರೆ ಕಿವಿ ಹಿಂಡುತ್ತಿದ್ದೆ. ಅವತ್ತು ರೋಸಿಯ ಕೈ ಹಿಡಿದುಕೊಂಡು ಅತ್ತುಬಿಟ್ಟೆ, ಕರ್ಚೀಫಿನ ನಾಟಕವಿಲ್ಲದೆ.

ಮಣ್ಣು ಮುಗಿಸಿ ಬಂದ ಸಂಜೆ ಗುರುಮನೆಗೆ ಹೋದೆ. ಹೊಟ್ಟೆಕಿಚ್ಚು ಎನ್ನಿ, ಪರವಾಗಿಲ್ಲ. “ಫಾದರ್, ನಾನು ಹೇಳಿಕೊಟ್ಟ ಪ್ರಸಂಗ ಮರೆತುಬಿಡಿ. ನನಗೂ ತೆರೆಸಮ್ಮನಂಥದ್ದೇ ಬೇಕು,” ಎಂದೆ. ಅವರು ಪ್ರಾಮಾಣಿಕ ಮನುಷ್ಯ.

“ಅಮ್ಮಾ, ತೆರೆಸಮ್ಮಂದು ಮುದ್ದೆ ಇತ್ತು. ನಿಮ್ಮದು… ನನ್ನ ತಪ್ಪು ತಿದ್ದಿದ್ದು ಮಾತ್ರ ಇದೆ. ಅದನ್ನೇ ಹೇಳಲಾ?”

ಅಂದಿನಿಂದ ಶುಕ್ರವಾರದ ಮುದ್ದೆ ನನ್ನ ಪಾಲಿಗೆ ಬಂದಿದೆ. ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ನನಗೆ ಕಸ್ಟರ್ಡ್ ಕಲಿಸಿದರು, ಕ್ರೋಶಾ ಹೆಣಿಗೆ ಕಲಿಸಿದರು, ಎಲೊಕ್ಯೂಷನ್ ಕಲಿಸಿದರು. ಮುದ್ದೆಕೋಲು ಹಿಡಿಯುವುದನ್ನು ಕಲಿಸಲಿಲ್ಲ. ಮನೆಯಲ್ಲಿ ಮೊದಲು ಅತ್ತೆ ತಿರುವುತ್ತಿದ್ದರು, ಈಗ ಸೊಸೆ. ನಡುವೆ ನಾನು ಬರೀ ನುಂಗಿದವಳು. ಮೊದಲ ಶುಕ್ರವಾರ ಫಾದರ್ ಒಂದು ತುತ್ತು ಬಾಯಿಗಿಟ್ಟು, ಕಣ್ಣು ಮುಚ್ಚಿ, ಮಿಷನರಿಯ ಸಹನೆಯನ್ನೆಲ್ಲ ಒಟ್ಟುಗೂಡಿಸಿ, “ಅಮ್ಮಾ, ಇದನ್ನು ಅಗಿಯಲೇಬೇಕು,” ಎಂದರು. ಮುಂದಿನ ವಾರ “ನಾಟ್ ಬ್ಯಾಡ್. ಇನ್ನೂ ಪ್ರಾಕ್ಟೀಸ್ ಬೇಕು.” ಥೇಟ್ ನನ್ನದೇ ಧಾಟಿ!

“ಮುದ್ದೆ ಹದಕ್ಕೆ ಬರೋವರೆಗೂ ನಮ್ಮತ್ತೆ ಎಲ್ಲೂ ಹೋಗಲ್ಲ ಬಿಡಿ,” ಎಂದು ಸೊಸೆ ಬೀದಿಗೆಲ್ಲ ಹೇಳಿಕೊಂಡು ನಗುತ್ತಾಳೆ. ಹೋದ ಶುಕ್ರವಾರ ನೋಡಿ, ಒಂದೂ ಗಂಟಿಲ್ಲದೆ ನುಣುಪಾಗಿ, ತೆರೆಸಮ್ಮನೇ ಬಂದು ತಿರುವಿದಳೇನೋ ಎನ್ನುವಂಥ ಮುದ್ದೆ ಬಂತು. ಬಹಳ ಸಂತೋಷವಾಯಿತು. ಮರುಕ್ಷಣವೇ ಸೊಸೆಯ ಆ ಮಾತು ನೆನಪಾಯಿತು. ಸೊಸೆ ಅತ್ತ ತಿರುಗಿದ್ದೇ ತಡ, ಒಂದು ಹಿಡಿ ಒಣಹಿಟ್ಟನ್ನು ಪಾತ್ರೆಗೆ ಸುರಿದು ಗಂಟಾಗುವಂತೆ ತಿರುವಿಬಿಟ್ಟೆ.